ಓದದೆ ಹಾಕಿದ ರುಜು

ಈ ಅನುಭವ ಎನ್ನುವ ವಸ್ತು ಇದೆಯಲ್ಲ, ಅದರಷ್ಟು ಸುಲಭವಾಗಿ ಬರುವುದು ಪ್ರಪಂಚದಲ್ಲಿ ಇನ್ನೊಂದಿಲ್ಲ. ಕೆಲಸ ಕಲಿಯಬೇಕಾದರೆ ಮೈ ಬಗ್ಗಿಸಬೇಕು. ಅನುಭವಕ್ಕೆ ಅದೂ ಬೇಕಾಗಿಲ್ಲ. ಒಂದೇ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದರೂ ವರ್ಷಕ್ಕೊಂದರಂತೆ ತಾನಾಗಿ ಸೇರಿಕೊಳ್ಳುತ್ತದೆ. ಹಾಗೆ ನನಗೆ ಇಪ್ಪತ್ತೆರಡು ವರ್ಷದ ಅನುಭವ ಸೇರಿಕೊಂಡಿತ್ತು. ಯಲಹಂಕದ ಒಂದು ಮಿಡ್ಲ್ ಸ್ಕೂಲಿನಲ್ಲಿ ನಾನು ಮೇಷ್ಟ್ರು. ಒಂದೇ ವರ್ಷದ ಪಾಠವನ್ನು ಇಪ್ಪತ್ತೆರಡು ಸಲ ಮಾಡಿದ್ದೆನೇ ಹೊರತು ಇಪ್ಪತ್ತೆರಡು ವರ್ಷದ ಪಾಠ ಮಾಡಿರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿಗೆ ಎದುರು ಹೇಳುವ ಅನುಭವ ಮಾತ್ರ ನನಗೆ ಇನ್ನೂ ಬಂದಿಲ್ಲ.

ಇಂಥ ನನ್ನನ್ನು ಇಲಾಖೆ ಮಾರ್ಗದರ್ಶಕನನ್ನಾಗಿ ಮಾಡಿತು. ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಮೇಲಿನಿಂದ ಸರ್ಕ್ಯುಲರುಗಳು ಮಳೆಗಾಲದ ಹಾತೆಗಳ ಹಾಗೆ ಬರುತ್ತಿದ್ದ ಕಾಲ. ಒಂದು ಸರ್ಕ್ಯುಲರಿನಲ್ಲಿ ಹೀಗಿತ್ತು: ಹಳಬರಾದ ಪ್ರತಿಯೊಬ್ಬ ಉಪಾಧ್ಯಾಯರೂ ಒಬ್ಬ ಹೊಸಬರನ್ನು ಕೈಹಿಡಿದು ನಡೆಸಬೇಕು, ವಾರಕ್ಕೊಂದು ಪೀರಿಯಡ್ ಅವರ ಕ್ಲಾಸಿನ ಹಿಂದೆ ಕೂತು ಪಾಠ ನೋಡಬೇಕು, ಕಂಡ ಗುಣದೋಷಗಳನ್ನು ಒಂದು ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ಹೊಸಬರು ಖಾಯಂ ಆಗುವುದೂ ಬಿಡುವುದೂ ಆ ಪುಸ್ತಕದ ಮೇಲೆ.

ಕೈಹಿಡಿದು ನಡೆಸುವುದೆಂದರೆ ಏನೆಂದು ನನಗೆ ತಿಳಿಯದ ವಿಷಯವೇನಲ್ಲ. ನಾನು ಸೇರಿದಾಗ ನಶ್ಯ ಹಾಕುವ ಒಬ್ಬ ಹಿರಿಯ ಮೇಷ್ಟ್ರು ನನ್ನನ್ನು ಮೂಲೆಗೆ ಕರೆದು, "ಕುರ್ಚೀನ ಯಾವತ್ತೂ ಬಾಗಿಲ ಕಡೆ ಮುಖ ಮಾಡಿ ಹಾಕ್ಕೊಳಯ್ಯ, ಬರೋರು ಕಾಣ್ತಾರೆ" ಎಂದಿದ್ದರು. ನನಗೆ ಸಿಕ್ಕ ವೃತ್ತಿ ಶಿಕ್ಷಣ ಅಷ್ಟೇ. ಅದರಲ್ಲಿ ದೋಷವನ್ನು ನಾನು ಇವತ್ತಿಗೂ ಕಂಡಿಲ್ಲ. ಆಮೇಲೆ ಒಂದು ರಿಫ್ರೆಷರ್ ಕೋರ್ಸಿಗೂ ಹೋಗಿದ್ದೆನೆನ್ನಿ. ಕೈಗೆ ಸಿಕ್ಕ ವಸ್ತುವಿನಿಂದಲೇ ಪಾಠೋಪಕರಣ ಮಾಡಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಆ ಹುರುಪಿನಲ್ಲಿ ಮನೆಯಲ್ಲಿದ್ದ ಕುಂಬಳಕಾಯಿಯ ಮೇಲೆ ಸುಣ್ಣದಲ್ಲಿ ಖಂಡಗಳನ್ನು ಬರೆದು ಭೂಗೋಳ ಮಾಡಿದೆ. ಆಫ್ರಿಕಾದ ಕೆಳತುದಿ ಮುಗಿಸಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಂಡಲ ಹೋಳುಹೋಳಾಗಿ ಹುಳಿಯಲ್ಲಿ ಬೇಯುತ್ತಿತ್ತು. ಅಲ್ಲಿಗೆ ನನ್ನ ವೃತ್ತಿ ಬೆಳವಣಿಗೆ ನಿಂತಿತು.

ನನ್ನ ಪಾಲಿಗೆ ಬಂದ ಹೊಸಬ ಮುನಿರಾಜು. ರಾಜಾನುಕುಂಟೆಯ ಒಕ್ಕಲು ಮನೆಯ ಹುಡುಗ. ಆ ಮನೆಯಲ್ಲಿ ಮೊದಲು ಸ್ಲೇಟು ಹಿಡಿದವನು ಅವನೇ. ಟ್ರೇನಿಂಗ್ ಮುಗಿಸಿ ಹೊಸದಾಗಿ ಬಂದಿದ್ದ. ದಿನಾ ಸೈಕಲ್ ತುಳಿದುಕೊಂಡು ಬಂದು, ಬೆವರು ಒರೆಸಿಕೊಂಡು, ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಕ್ಲಾಸಿನಲ್ಲಿ ಇರುತ್ತಿದ್ದ. ಮೊದಲನೇ ದಿನವೇ ಹೊಸ ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ ತಂದು, "ಸಾ, ಬುಧವಾರ ಮೂರನೇ ಪೀರಿಯಡ್ ಬತ್ತೀರಾ ಸಾ? ತಪ್ಪಿದ್ರೆ ಮುಲಾಜಿಲ್ದೆ ಏಳಿ ಸಾ" ಎಂದ.

ಬುಧವಾರ ಮೂರನೇ ಪೀರಿಯಡ್! ಬಸ್ ನಿಲ್ದಾಣದ ಹೋಟೆಲಿನಲ್ಲಿ ಬಿಸಿ ಖಾಲಿ ದೋಸೆ ಹಂಚಿನಿಂದ ಏಳುವ ಸಮಯ ಅದು. ಒಂದು ಕಡೆ ಹೊಸಬನ ಭವಿಷ್ಯ, ಇನ್ನೊಂದು ಕಡೆ ದೋಸೆ. ನಾನು ಧರ್ಮಸಂಕಟದಲ್ಲಿ ಬಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬೀಳಲಿಲ್ಲ. "ನೋಡಪ್ಪಾ, ನಾನು ಬಂದು ಕೂತರೆ ನಿನಗೆ ಗಾಬರಿಯಾಗುತ್ತೆ. ಪುಸ್ತಕ ನೀನೇ ಬರೆದುಬಿಡು, ನಾನು ರುಜು ಹಾಕ್ತೀನಿ" ಎಂದೆ. ಅವನ ಮುಖ ಸಣ್ಣಗಾಯಿತು. ವಿನಯ ಎಂದುಕೊಂಡೆ. ಅಂದಿನಿಂದ ಪ್ರತಿ ಬುಧವಾರ ಮಧ್ಯಾಹ್ನ ಅವನು ಪುಸ್ತಕ ತೆರೆದು ಹಿಡಿಯುವುದು, ನಾನು ಹೋಟೆಲಿನ ತೃಪ್ತಿಯಲ್ಲಿ ರುಜು ಎಳೆಯುವುದು. ಒಂದು ದಿನವಾದರೂ ಓದಲಿಲ್ಲ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಅವಕಾಶ ಸಿಕ್ಕರೆ ಮನುಷ್ಯ ಏನು ಬರೆಯುತ್ತಾನೆ ಎಂಬುದನ್ನು ಓದಿಯೇ ತಿಳಿಯಬೇಕೆ? ನಾನಾಗಿದ್ದರೆ ಏನು ಬರೆದುಕೊಳ್ಳುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು.

ವರ್ಷದ ಕೊನೆಗೆ ಇನ್‌ಸ್ಪೆಕ್ಟರು ಬಂದರು. ಹೆಡ್ಮಾಸ್ಟರ ಕೋಣೆಯಲ್ಲಿ ಕೂತು ಆ ಪುಸ್ತಕವನ್ನು ಹಾಳೆ ಹಾಳೆಯಾಗಿ ಓದಿದರು. ನಾನು ಎದುರಿಗೆ ಕೂತಿದ್ದೆ. ಮುನಿರಾಜು ಬಾಗಿಲ ಬಳಿ ನಿಂತಿದ್ದ. ಸಾಹೇಬರು ಕನ್ನಡಕ ತೆಗೆದು, "ಮೇಷ್ಟ್ರೇ, ಇಂಥ ಮಾರ್ಗದರ್ಶಕರನ್ನ ನಾನು ಈ ರೇಂಜಿನ ಯಾವ ಶಾಲೆಯಲ್ಲೂ ನೋಡಿಲ್ಲ" ಎಂದರು. ನಾನು ತಲೆ ತಗ್ಗಿಸಿ ನಾಚಿಕೊಂಡೆ. "ಎಷ್ಟು ಸೂಕ್ಷ್ಮ! ಕೇಳಿ ಇಲ್ಲಿ: 'ಈ ಉಪಾಧ್ಯಾಯರು ಹಲಗೆಯ ಕೆಳತುದಿಯವರೆಗೆ ಬರೆಯುತ್ತಾರೆ, ಹಿಂದಿನ ಸಾಲಿಗೆ ಕಾಣುವುದಿಲ್ಲ. ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವ ಮುಂಚೆ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಬಾಗಿಲ ಪಕ್ಕದ ನಾಲ್ಕು ಹೆಣ್ಣುಮಕ್ಕಳನ್ನು ಈ ತಿಂಗಳು ಒಮ್ಮೆಯೂ ಮಾತನಾಡಿಸಿಲ್ಲ.' ಪುಸ್ತಕದ ತುಂಬಾ ಹೀಗೇ ಇದೆ. ನಿಮ್ಮನ್ನ ಹೆಡ್ಮಾಸ್ಟರಿಕೆಗೆ ಶಿಫಾರಸು ಮಾಡ್ತೀನಿ. ಆದರೆ ಇಷ್ಟು ತಪ್ಪು ಮಾಡೋ ಹುಡುಗನ್ನ ಖಾಯಂ ಮಾಡೋದಕ್ಕೆ ಆಗೋದಿಲ್ಲ. ನೀವೇ ಬರೆದಿದ್ದೀರಲ್ಲ!"

ಹೊಗಳಿಕೊಳ್ಳೋ ಅಂದರೆ ಈ ಮಹಾನುಭಾವ ತನ್ನ ಹುಳುಕನ್ನೆಲ್ಲ ತಾನೇ ಹೆಕ್ಕಿ ನನ್ನ ರುಜುವಿನ ಕೆಳಗೆ ಪೇರಿಸಿಟ್ಟಿದ್ದ! ಖಾಯಂ ಆಗದಿದ್ದರೆ ಅವನಿಗೆ ಅಣ್ಣಂದಿರ ಹೊಲವೇ ಗತಿ. "ಬರೆದದ್ದು ನಾನಲ್ಲ ಸಾರ್" ಎಂದು ನಾನು ಒಂದು ಮಾತು ಹೇಳಿದರೆ ಅವನು ಉಳಿಯುತ್ತಿದ್ದ. ನನ್ನ ಹೆಡ್ಮಾಸ್ಟರಿಕೆ ಮಾತ್ರ ಬಾಗಿಲಾಚೆ ಹೋಗುತ್ತಿತ್ತು. ಬಾಗಿಲ ಕಡೆ ನೋಡಿದೆ. ಅವನೂ ಆ ಮಾತನ್ನು ಹೇಳಬಹುದಾಗಿತ್ತು. ಹೇಳಲಿಲ್ಲ, ನನ್ನ ಮಾನ ಹೋದೀತೆಂದು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆ ಬೇರೆ, ಧೈರ್ಯ ಬೇರೆ. ಕೊನೆಗೆ ನನ್ನ ಬಾಯಿಂದ ಬಂದದ್ದು ಇದು: "ಸಾರ್, ಅವೆಲ್ಲ ಹಳೇ ತಪ್ಪುಗಳು. ಈಗ ತಿದ್ದಿಕೊಂಡಿದ್ದಾನೆ. ಬೇಕಾದರೆ ಒಂದು ಪಾಠ ನೋಡಿಬಿಡಿ." ಅವನ ಪಾಠವನ್ನು ಒಂದು ದಿನವೂ ನೋಡದವನು ಅಂದಾಜಿನ ಮೇಲೆ ಬಿಟ್ಟ ಬಾಣ ಅದು.

ಸಾಹೇಬರು ಮುನಿರಾಜುವಿನ ಐದನೇ ಕ್ಲಾಸಿಗೆ ಹೋದರು. ನಾನು ಹೊರಗೆ ಕಿಟಕಿಯ ಪಕ್ಕ ಬೆವರುತ್ತಾ ನಿಂತೆ. ಪೀರಿಯಡ್ ಮುಗಿಸಿ ಬಂದವರು ನನ್ನ ಬೆನ್ನು ತಟ್ಟಿ, "ಆ ಪುಸ್ತಕದಲ್ಲಿರೋ ಒಂದು ತಪ್ಪೂ ಈಗ ಉಳಿದಿಲ್ಲ ಕಣ್ರೀ! ಎಂಥಾ ಹುಡುಗನ್ನ ಹೇಗೆ ತಿದ್ದಿಬಿಟ್ರಿ!" ಎಂದರು. ಅವನು ಖಾಯಂ ಆದ. ನನಗೆ ಹೆಬ್ಬಾಳದ ಕಡೆಯ ಒಂದು ಶಾಲೆಗೆ ಹೆಡ್ಮಾಸ್ಟರಿಕೆಯ ಆರ್ಡರ್ ಬಂತು. ಬೇಡವೆನ್ನಬೇಕು ಎಂದು ಒಂದು ರಾತ್ರಿಯಿಡೀ ಯೋಚಿಸಿದೆ ಎಂದು ಹೇಳಿಕೊಳ್ಳುವ ಆಸೆಯಿದೆ. ಆರ್ಡರ್ ಬಂದ ರಾತ್ರಿ ನಾನು ಎಂದಿಗಿಂತ ಸುಖವಾಗಿ ಮಲಗಿದ್ದೆ.

ಹೊರಡುವ ಹಿಂದಿನ ವಾರ ಮುನಿರಾಜುವನ್ನು ಕರೆದು, "ಅಲ್ಲಯ್ಯಾ, ನಿನ್ನ ಮೇಲೆ ನೀನೇ ಹಾಗೆ ಬರೆದುಕೊಂಡಿದ್ದೀಯಲ್ಲ, ಬುದ್ಧಿ ಬೇಡವೇ?" ಎಂದು ಬೈದೆ. ಅವನು ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತಾ, "ನನ್ನ ನಾನೇ ಒಗಳ್ಕೊಳ್ಳೋದು ಎಂಗೆ ಸಾ? ನೀವು ಓದಿ ತಿದ್ತೀರಿ ಅಂದ್ಕೊಂಡೆ" ಎಂದ. ಮತ್ತೆ ಹೇಳಿದ: "ನಂಗೆ ಕಂಡಿದ್ದು ನಾನು ಬರ್ದೆ. ಕಾಣ್ದೆ ಇರೋ ತಪ್ಪು ಇನ್ನೂ ಇರ್ತಾವೆ ಸಾ. ಓಗೋಕೆ ಮುಂಚೆ ಒಂದೇ ಒಂದ್ ದಿನ ಬಂದು ಕೂತ್ಕೊಳಿ."

ಬುಧವಾರ ಹೋದೆ. ಅವನ ಕ್ಲಾಸಿನ ಕೊನೇ ಸಾಲಿನಲ್ಲಿ, ಚೌಕಳಿ ಲಂಗದ ಒಬ್ಬ ಹುಡುಗಿಯ ಪಕ್ಕ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು ಪುಸ್ತಕ ತೆರೆದೆ. ದಿನಾಂಕ ಬರೆದೆ. ಅವನು ನಮ್ಮೂರ ಕೆರೆಗಳ ಪಾಠ ಮಾಡುತ್ತಿದ್ದ. ಬಾಗಿಲ ಪಕ್ಕದ ಹುಡುಗಿಯರನ್ನು ಮಾತನಾಡಿಸಿದ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾದ, ಹಲಗೆಯ ಮೇಲುಗಡೆಯೇ ಬರೆದ. ತಪ್ಪು ಹುಡುಕಿದೆ, ಸಿಗಲಿಲ್ಲ. ಸರಿ, ಗುಣವನ್ನಾದರೂ ಬರೆಯೋಣವೆಂದರೆ ಒಳ್ಳೆಯ ಪಾಠವನ್ನು ಏನೆಂದು ಬರೆಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನು, "ಯಲಹಂಕ ಕೆರೆ ಕೋಡಿ ಬಿದ್ರೆ ನೀರು ಎಲ್ಲೆಲ್ಲಿಗೆ ಹೋಗುತ್ತೆ? ಎಲ್ಲರೂ ಬರೀರಿ" ಎಂದ. ಇಪ್ಪತ್ತೆರಡು ವರ್ಷ ಆ ಕೆರೆಯ ಏರಿಯ ಮೇಲೆ ಗಾಳಿ ಸೇವಿಸಿದ ನನಗೆ ಅದು ಗೊತ್ತಿರಲಿಲ್ಲ. ಸುತ್ತಲೂ ಸ್ಲೇಟಿನ ಮೇಲೆ ಬಳಪದ ಸದ್ದು. ನನ್ನ ಹಾಳೆ ಖಾಲಿ.

ಪಕ್ಕದ ಹುಡುಗಿ ನನ್ನ ಪುಸ್ತಕವನ್ನೂ ನನ್ನ ಮುಖವನ್ನೂ ನೋಡಿದಳು. ಅವಳಿಗೆ ಬಹಳ ಕನಿಕರವಾಗಿರಬೇಕು. ತನ್ನ ಸ್ಲೇಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಎಂದು ಮೂರು ವೃತ್ತಗಳೊಳಗೆ ಬರೆದು ನಡುವೆ ಗೆರೆ ಎಳೆದಿದ್ದಳು. "ನೋಡ್ಕೊಂಡು ಬರ್ಕೊಳಿ ಸಾ, ಬೇಗ" ಎಂದು ಪಿಸುಗುಟ್ಟಿದಳು. "ನಮ್ ಸಾರು ನೋಡಿದ್ರೆ ಬಯ್ತಾರೆ."

ಮುನಿರಾಜು ಹಲಗೆಯ ಕಡೆ ತಿರುಗಿದ್ದ. ನಾನು ನೋಡಿಕೊಂಡು ಬರೆದುಕೊಂಡೆ.