ಮಾಮನ ಕಂಪ್ಯೂಟರಿನ ಕನ್ನಡ

ನಮ್ಮ ಸೋದರಮಾವ ದಿನಕ್ಕೆ ಒಂದೇ ಸಲ ಸಿಟ್ಟಿಗೇಳುತ್ತಾನೆ. ಬೆಳಗ್ಗೆ ಎದ್ದಾಗ ಶುರುವಾದದ್ದು ರಾತ್ರಿ ಮಲಗಿದಾಗ ಮುಗಿಯುತ್ತದೆ, ಅಷ್ಟೇ!

ಇಳಕಲ್ಲಿನ ಗ್ರಾನೈಟ್ ಕಂಪನಿಯೊಂದರ ಆಫೀಸಿನಲ್ಲಿ ಅವನು ಹಳೇ ತಲೆ. ಇಂಗ್ಲಿಷ್ ಪತ್ರಗಳೆಲ್ಲ ಅವನ ಕೈಯಿಂದಲೇ ಹೋಗಬೇಕು. ಹಳೇ ಕಾಲದ ಟೈಪ್‌ರೈಟರ್ ಮೇಲೆ ಕಲಿತವನು, ಇಂದಿಗೂ ಎದುರಿನ ಗೋಡೆ ನೋಡುತ್ತಲೇ ಟೈಪ್ ಮಾಡುತ್ತಾನೆ. “ಸ್ಕ್ರೀನ್ ನೋಡಿ ಟೈಪ್ ಮಾಡೋದು ನಿಮ್ಮಂಥಾ ಕೂಸುಗಳ ಕೆಲಸಲೇ!” ಎಂದು ನನ್ನನ್ನು ಹಂಗಿಸುವುದು ಬೇರೆ. ಆ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಬಾಗಲಕೋಟೆಯಲ್ಲಿರುವ ನಾನು. ಯಾವ ಜನ್ಮದ ಪಾಪವೋ!

ಮೊನ್ನೆ ಅಲ್ಲಿ ಎಲ್ಲ ಕಂಪ್ಯೂಟರಿಗೂ ಹೊಸ ಆಫೀಸ್ ಸಾಫ್ಟ್‌ವೇರ್ ಹಾಕಿ ಮನೆಗೆ ಬಂದಿದ್ದೆ. ಕೈ ತೊಳೆದು ರೊಟ್ಟಿ ಮುರಿದಿದ್ದೆನಷ್ಟೇ, ಮಾಮನ ಫೋನು!

“ಏನ್ಲೇ, ನನ್ನ ಕನ್ನಡ ಎಲ್ಲಿ ಒಯ್ದಿ?”

ಹಿಂದೊಮ್ಮೆ ಅವನೇ ಹಠ ಹಿಡಿದು ತನ್ನ ಕಂಪ್ಯೂಟರಿನ ಮೆನುಗಳನ್ನೆಲ್ಲ ಕನ್ನಡಕ್ಕೆ ಬದಲಿಸಿಕೊಂಡಿದ್ದ. ಹೊಸ ಸಾಫ್ಟ್‌ವೇರ್ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿತ್ತು. ಊರಿನವರ ಇಂಗ್ಲಿಷನ್ನೆಲ್ಲ ತಿದ್ದುವ ಮನುಷ್ಯನಿಗೆ ‘ಸೇವ್’ ಎಂದು ಓದಲು ಏನು ಧಾಡಿ? ಕೇಳಿಯೇಬಿಟ್ಟೆ.

“ಶನಿವಾರ ಮಾಲಕರು ಬರ್ತಾರ. ಹೊಸಾದ್ರಾಗ ಕೆಲಸ ಮಾಡಿ ತೋರಸಬೇಕಂತ. ಬರಲಾರದವರ್ನ ಮನಿಗೆ ಕಳಸ್ತಾರಂತ. ಅಷ್ಟರೊಳಗ ನನ್ನ ಕನ್ನಡ ಬರಲಿಲ್ಲಂದ್ರ ನಿನ್ನ ಮಾರಿ ನೋಡಂಗಿಲ್ಲ!”

ನೋಡದಿದ್ದರೆ ನನಗೇ ಲಾಭ! ಆದರೂ ಹಲ್ಲು ಕಡಿಯುತ್ತ ಹೋದೆ. ಇಳಕಲ್ಲಿನ ದಾರಿಯಲ್ಲಿ ಹುನಗುಂದದವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಕನ್ನಡದ ಪ್ಯಾಕ್ ಇಳಿಸಿಕೊಳ್ಳಲು ಕೂತರೆ ಇಂಟರ್ನೆಟ್ ಅರ್ಧಕ್ಕೇ ಕೈಕೊಟ್ಟಿತು. ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಮಾಮ ಇಡೀ ಆಫೀಸಿಗೆ ಕೇಳುವಂತೆ ಬೈದ. ಸಾಫ್ಟ್‌ವೇರಿಗಿಂತ ನನಗೇ ಹೆಚ್ಚು ಬಿತ್ತು.

ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದಳು. ದಿನಾ ಬುತ್ತಿ ತಂದು, ಉಣಿಸಿ, ಸಂಜೆವರೆಗೂ ಗಂಡನ ಮಗ್ಗುಲಲ್ಲೇ ಕೂಡುತ್ತಾಳೆ.

“ಈ ವಯಸ್ಸಿನಾಗ ಏನ್ ಪ್ರೀತಿರೀ ಸರ!” ಎಂದು ಆಫೀಸಿನ ಹುಡುಗಿಯರು ನಗುತ್ತಾರೆ.

“ನಿಮಗ್ಯಾಕ ಹೊಟ್ಟಿಕಿಚ್ಚು?” ಎಂದು ಮಾಮ ಗುಡುಗುತ್ತಾನೆ.

ಶನಿವಾರ ಬೆಳಗ್ಗೆ ಮತ್ತೆ ಅದೇ ಬಸ್ಸು, ಅದೇ ಬೈಗುಳ. ಈ ಸಲ ಪ್ಯಾಕ್ ಪೂರ್ತಿ ಇಳಿಯಿತು. ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಮೇಲಕ್ಕೇರಿಸಿ, ಎಲ್ಲವನ್ನೂ ಮುಚ್ಚಿ ತೆರೆದೆ.

“ಬಂತು ನೋಡು ಮಾಮಾ!”

ಮಾಮ ನೋಡಲಿಲ್ಲ. ಅತ್ತೆಯ ಕಡೆ ಕಿವಿಗೊಟ್ಟ.

“ಉಳಿಸು... ಮುದ್ರಿಸು... ಎಲ್ಲಾ ಬಂದಾವರಿ,” ಎಂದಳು ಅತ್ತೆ. ಕನ್ನಡ ಸಾಲೆಯಷ್ಟೇ ಕಲಿತವಳು. ಮೌಸ್ ಅವಳ ಕೈಯಲ್ಲಿತ್ತು. ಮಾಮ ಗೋಡೆ ನೋಡುತ್ತ ಟಕಟಕ ಇಂಗ್ಲಿಷ್ ಬಡಿದ.

“ಕೆಂಪು ಗೆರಿ ಬಿತ್ತೇನು?”

ತಪ್ಪಾದ ಶಬ್ದದ ಕೆಳಗೆ ಕಂಪ್ಯೂಟರ್ ಎಳೆಯುವ ಗೆರೆ ಅದು. “ಎರಡನೇ ಸಾಲಿನ್ಯಾಗ, ಕಡೀ ಶಬ್ದಕ್ಕ,” ಎಂದಳು. ಅವಳು ಮೌಸ್ ಅಲ್ಲಿಟ್ಟಳು, ಅವನು ತಿದ್ದಿದ. ನಾನು ಚಹಾ ಮುಂದೆ ಹಿಡಿದೆ. ಮಾಮನ ಕೈ ಕಪ್ಪನ್ನು ಗಾಳಿಯಲ್ಲಿ ಹುಡುಕಿತು.

ಆಗ ನನಗೆ ಬಂದ ಸಿಟ್ಟು ಅವನಿಗೂ ಎಂದೂ ಬಂದಿರಲಿಕ್ಕಿಲ್ಲ. “ಕಣ್ಣು ಕಾಣೂದಿಲ್ಲಂತ ಒಂದು ಮಾತು ಹೇಳಬಾರದೇನು ಮಾಮಾ?”

“ಮೆತ್ತಗ ಮಾತಾಡಲೇ! ಹೇಳಿದ್ರ ಏನ್ ಮಾಡ್ತಿದ್ದಿ, ಅಳ್ತಿದ್ದಿ?”

ಮಾಲಕರು ಬಂದರು, ಹಿಂದೆ ನಿಂತರು. ಗೋಡೆ ನೋಡುತ್ತಲೇ ಟೈಪ್ ಮಾಡಿದ ಪತ್ರ ಓದಿ, “ನೋಡಿ ಕಲೀರಿ!” ಎಂದು ಹುಡುಗರಿಗೆ ಹೇಳಿ ಹೋದರು. ಅತ್ತೆ ಬುತ್ತಿ ಡಬ್ಬಿ ಒರೆಸಿದ್ದೇ ಒರೆಸಿದ್ದು.

ನಾನು ಚೀಲ ಹೆಗಲಿಗೇರಿಸಿದೆ.

“ಎಲ್ಲಿಗೆ ಓಡ್ತೀಲೇ?” ಮಾಮ ಗದರಿದ. “ಆ ಅಕ್ಷರ ಒಂದೀಟು ದೊಡ್ಡವು ಮಾಡಿ ಹೋಗು. ದಿನಾ ಓದಿ ಓದಿ ಪಾಪ, ನಿಮ್ಮತ್ತಿ ಕಣ್ಣು ನೋಯ್ತಾವ.”

ಬೈದುಕೊಳ್ಳುತ್ತಲೇ ಮತ್ತೆ ಕೂತೆ. ಅಕ್ಷರ ದೊಡ್ಡವು ಮಾಡಿದೆ. “ಸಾಕಪ್ಪಾ,” ಎಂದಳು ಅತ್ತೆ. ನಾನು ನಿಲ್ಲಿಸಲಿಲ್ಲ. ಇನ್ನೂ ದೊಡ್ಡವು ಮಾಡಿದೆ, ಅವನಿಗೂ ಕಂಡಾವೇನೋ ಎಂದು.