ಸ್ಯಾಂಪಲ್ ಕೇಳುವ ಯಂತ್ರ

“ಇನ್ನ ಮ್ಯಾಲೆ ನಿನಗ ಫೋಟೋಗ್ರಾಫರನ ಉಸಾಬರಿನ ಬ್ಯಾಡ, ನೀಲವ್ವಾ!” ಎಂದು ಚನ್ನವೀರಪ್ಪ ಕಾಕಾ ಯಂತ್ರದ ಮೇಲಿದ್ದ ಹಳೆಯ ಚಾದರವನ್ನು ಸರ್ರನೆ ಎಳೆದರು.

ನೀಲಗಂಗಾ ಒಂದು ಹೆಜ್ಜೆ ಹಿಂದೆ ಸರಿದಳು. ಟೇಬಲ್ ಫ್ಯಾನು, ಹೊಲಿಗೆ ಯಂತ್ರದ ಗಾಲಿ, ಕುಕ್ಕರಿನ ಮುಚ್ಚಳ, ಎರಡು ಉದ್ದನೆಯ ತಗಡಿನ ಕೈ, ನಡುವೆ ಪಿಳಿಪಿಳಿ ಎನ್ನುವ ಒಂದು ಕ್ಯಾಮೆರಾ! ಗದುಗಿನ ಆ ಓಣಿಯಲ್ಲಿ ಪಕ್ಕದ ಮನೆಯವರಾದ ಕಾಕಾ, ಪಾಲಿಟೆಕ್ನಿಕ್ ನೌಕರಿಯಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂತ ದಿನವೇ ಇಲ್ಲ. ಹೋದ ವರ್ಷದ ರೊಟ್ಟಿ ಬಡಿಯುವ ಯಂತ್ರ ಅವರ ಕನ್ನಡಕವನ್ನೇ ಬಡಿದು ತೆಳ್ಳಗೆ ಮಾಡಿತ್ತು.

ಆದರೆ ಈ ಸಲ ನೀಲಗಂಗಾಳಿಗೆ ಬೇರೆ ದಾರಿ ಇರಲಿಲ್ಲ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರ ವನಮಾಲಾಬಾಯಿ ಬರುವವರಿದ್ದರು. ಅವರು ಒಪ್ಪಿದರೆ ನೀಲಗಂಗಾ ಮನೆಯಲ್ಲೇ ಮಾಡಿ ಮಾರುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮೂರೂ ಪುಡಿಗಳು ಅಂಗಡಿಯ ಕ್ಯಾಟಲಾಗ್ ಸೇರುತ್ತಿದ್ದವು. ಒಪ್ಪಬೇಕಾದರೆ ತಮ್ಮೆದುರೇ ಹೊಸದಾಗಿ ತೆಗೆದ ಒಳ್ಳೆಯ ಫೋಟೋ ಬೇಕೆಂದಿದ್ದರು. ಅಡುಗೆಮನೆಯ ಒಂದೇ ಒಲೆಯ ಮೇಲೆ ಆರು ವರ್ಷ ಹುರಿದದ್ದೆಲ್ಲ ಈಗ ಫೋಟೋದ ಮೇಲೆ ನಿಂತಿತ್ತು.

ಕಾಕಾ ಶೇಂಗಾ ಚಟ್ನಿಯ ಬಾಟಲಿಯನ್ನು ಮುಂದಿಟ್ಟು ಗುಂಡಿ ಒತ್ತಿದರು.

“ಅಕ್ಕಾರ, ಗದ್ದ ಸ್ವಲ್ಪ ಮ್ಯಾಲೆ! ನಕ್ಕೊಂತ ಮದುಮಗನ ಕಡೆ ನೋಡ್ರಿ!” ಎಂದು ಯಂತ್ರ ಬಾಟಲಿಗೆ ಹೇಳಿತು.

“ಯಾರ್ರೀ ಕಾಕಾ ಮದುಮಗ?”

“ಗುರೆಳ್ಳು ಇರಬೇಕು. ನಿನಗ ಫೋಟೋ ಕಳಿಸಿದ ಹನ್ನೊಂದು ಮಂದ್ಯಾಗ ಒಂಬತ್ತು ಮಂದಿ ಮದುವಿ ಫೋಟೋ ತೆಗಿಯಾವ್ರು. ಅವರ ಕೈಗುಣ ಬರಲಿ ಅಂತ ನಿನ್ನ ಫೋನ್ ಪೂರಾ ಇದಕ್ಕ ಕುಡಿಸೀನಿ! ಅವರ ಫೋಟೋ, ಅವರ ವಾಯ್ಸ್ ಮೆಸೇಜು, ನೀ ಮಾತಾಡಿ ಕಳಿಸಿದ ಉತ್ತರ, ಎಲ್ಲಾ!”

ಫೋಟೋ ಚೆನ್ನಾಗಿಯೇ ಬಂತು. ಆದರೆ ಬಾಟಲಿಯ ಮೇಲೆ ಅಡ್ಡಡ್ಡಲಾಗಿ ‘ಸ್ಯಾಂಪಲ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನೀಲಗಂಗಾಳ ಎದೆ ಧಸಕ್ ಎಂದಿತು.

ಯಾಕೆಂದರೆ ಆಕೆಯದೊಂದು ಪದ್ಧತಿಯಿತ್ತು. ಕಡಿಮೆಗೆ ಬರುವ ಫೋಟೋಗ್ರಾಫರನ್ನು ಹುಡುಕುವುದು, “ಮೊದಲ ನಾಕು ಸ್ಯಾಂಪಲ್ ತೆಗಿಯಪಾ, ಚೊಲೋ ಬಂದ್ರ ವರ್ಷಪೂರ್ತಿ ಕೆಲಸ ನಿಂದ” ಎನ್ನುವುದು, ಫೋಟೋ ಕೈಗೆ ಬಂದ ಮೇಲೆ “ಮನ್ಯಾಗ ಹಿರ್ಯಾರಿಗೆ ತೋರಿಸಿ ಹೇಳ್ತೀನಿ” ಎನ್ನುವುದು. ಮನೆಯಲ್ಲಿ ಆಕೆಗಿಂತ ಹಿರಿಯರು ಯಾರೂ ಇರಲಿಲ್ಲ! ಹೀಗೆ ಹನ್ನೊಂದು ಮಂದಿಯಾದರು. ಕೊನೆಯವನು ದಾವಲಸಾಬ. ಮನೆಯಿಂದ ಬಿಳಿ ಚಾದರ ತಂದು, ಮಾಳಿಗೆಯ ಮೇಲೆ ಇಡೀ ದಿನ ಬಿಸಿಲಿನಲ್ಲಿ ನಿಂತು, ಚಹಾ ಸಹ ಕುಡಿಯದೆ ಫೋಟೋ ತೆಗೆದಿದ್ದ. ಅವನ ಫೋಟೋ ಆಗಲೇ ಆಕೆಯ ಪೊಟ್ಟಣದ ಮೇಲೆ ಅಚ್ಚಾಗಿತ್ತು. ಅವನ ಫೋನು ಬಂದರೆ ಆಕೆ ಎತ್ತುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿಲ್ಲವೆಂದು ಆಕೆ ಹೇಗೋ ಸಮಾಧಾನದಿಂದಿದ್ದಳು.

“ಕಾಕಾ, ಇದು ಮಾತಾಡೂದು ಬ್ಯಾಡ. ಬಾಯಿ ಬಂದ್ ಮಾಡ್ರಿ.”

“ಬಾಯಿ ತಗದ್ರ ಕಣ್ಣೂ ಹೋಗ್ತದ, ಒಂದ ವೈರು!” ಎಂದರು ಕಾಕಾ ಹೆಮ್ಮೆಯಿಂದ. “ಆ ಅಕ್ಷರ ಅಷ್ಟ ಅಳಿಸ್ತೀನಿ, ತಡಿ.”

ಮರುದಿನ ವನಮಾಲಾಬಾಯಿ ಬಂದರು. ಇಳಕಲ್ ಸೀರೆ, ಕಡಿಮೆ ಮಾತು. ಯಂತ್ರದ ಎದುರು ಕುರ್ಚಿ ಹಾಕಿಕೊಂಡು ಕೂತರು. ಕಾಕಾ ಗುಂಡಿ ಒತ್ತಿದರು.

ಯಂತ್ರ ಫೋಟೋ ತೆಗೆಯಲಿಲ್ಲ. ಥೇಟ್ ದಾವಲನ ದನಿಯಲ್ಲಿ, “ಅಕ್ಕಾರ, ಆರ್ಡರ್ ಏನಾತ್ರಿ?” ಎಂದಿತು.

ನೀಲಗಂಗಾ ಯಂತ್ರದ ಕಡೆ ಧಾವಿಸಿದಳು. ಯಂತ್ರ ತಾನೇ ಆಕೆಯ ದನಿಯಲ್ಲಿ ಉತ್ತರ ಕೊಟ್ಟಿತು: “ವಿಚಾರ ಮಾಡಾಕತ್ತೀವಪಾ. ಹಿರ್ಯಾರು ಊರಾಗಿಲ್ಲ.”

“ಅಕ್ಕಾರ, ಹದಿನೈದು ದಿನಾ ಆತ್ರಿ.”

“ಬೆಳಕ ಸ್ವಲ್ಪ ಕಡಿಮಿ ಬಿದ್ದದ. ಇನ್ನೊಂದು ನಾಕು ಸ್ಯಾಂಪಲ್ ತೆಗಿ, ನೋಡೂಣು.”

“ಕಾಕಾ, ಬಂದ್ ಮಾಡ್ರೀ!” ಎಂದು ನೀಲಗಂಗಾ ಕೂಗಿದಳು.

“ಬಂದ್ ಮಾಡೂ ಗುಂಡಿ ಇನ್ನೂ ಹಾಕಿಲ್ಲವ್ವಾ! ಇದೂ ಸ್ಯಾಂಪಲ್ ಅಲ್ಲೇನು?”

ಪ್ಲಗ್ ಕಿತ್ತರೂ ಹೊಟ್ಟೆಯಲ್ಲಿ ಬ್ಯಾಟರಿ ಇತ್ತು. ಹನ್ನೊಂದು ಜನರ ದನಿಯಲ್ಲಿ ಅದು ಸರದಿಯ ಪ್ರಕಾರ ಕೇಳಿತು, ಹನ್ನೊಂದು ಸಲವೂ ನೀಲಗಂಗಾಳ ದನಿಯಲ್ಲಿ ನುಣುಚಿಕೊಂಡಿತು. ಆಮೇಲೆ ಆಕೆಯ ಕಡೆಗೇ ಕಣ್ಣು ತಿರುಗಿಸಿ, ಆಕೆಯದೇ ಸವಿಮಾತಿನಲ್ಲಿ, “ಮೊದಲ ಸ್ಯಾಂಪಲ್ ಕೊಡವ್ವಾ, ಚೊಲೋ ಇದ್ರ ಫೋಟೋ ತೆಗಿತೀನಿ” ಎಂದು ತಗಡಿನ ಕೈ ಚಾಚಿತು! ಶೇಂಗಾ ಚಟ್ನಿಯ ಬಾಟಲಿಯನ್ನು ಹೊಟ್ಟೆಗೆ ಸುರುವಿಕೊಂಡಿತು. “ಉಪ್ಪು ಕಡಿಮಿ. ಇನ್ನೊಂದು!” ಗುರೆಳ್ಳು ಹೋಯಿತು. “ಹಿರ್ಯಾರಿಗೆ ತೋರಸ್ಬೇಕು. ಇನ್ನೊಂದು!” ಅಗಸಿಯೂ ಹೋಯಿತು. ಹೊಟ್ಟೆ ತುಂಬಿ ಫ್ಯಾನು ಗರ್ರನೆ ತಿರುಗಿದ್ದೇ ತಡ, ಖಾರದ ಪುಡಿಯೆಲ್ಲ ಪಡಸಾಲೆ ತುಂಬ ಹಾರಿತು.

ಕಾಕಾ ಸೀನಿದರು. ವನಮಾಲಾಬಾಯಿ ಸೀನಿದರು. ಯಂತ್ರವೂ ಸೀನಿತು, ಹನ್ನೊಂದು ದನಿಯಲ್ಲಿ!

ವನಮಾಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಪೊಟ್ಟಣವೊಂದನ್ನು ಎತ್ತಿ ನೋಡಿದರು. “ಈ ಫೋಟೋ ಚೊಲೋ ಅದ. ಯಾರು ತೆಗದಾರ?”

ಸುಳ್ಳು ಹೇಳಬಹುದಿತ್ತು. ಆದರೆ ಯಂತ್ರದ ಕಣ್ಣು ಆಕೆಯನ್ನೇ ನೋಡುತ್ತಿತ್ತು. ನೀಲಗಂಗಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ದಾವಲಸಾಬ ಅಂತರೀ. ನಾ ಅವಗ ಏನೂ ಕೊಟ್ಟಿಲ್ಲ. ಆರ್ಡರೂ ಕೊಟ್ಟಿಲ್ಲ,” ಎಂದಳು. ಕಣ್ಣಲ್ಲಿ ಬಂದ ನೀರು ಬರೀ ಖಾರದ್ದಲ್ಲ.

ವನಮಾಲಾಬಾಯಿ ಎದ್ದರು. “ಚಟ್ನಿ ಚೊಲೋನ ಅದ, ಮೂಗಿನಿಂದ ತಿಳೀತು. ಆರ್ಡರ್ ವಿಚಾರ ಮಾಡಿ ಹೇಳ್ತೀನಿ.” ಬಾಗಿಲಲ್ಲಿ ನಿಂತು ಸೇರಿಸಿದರು, “ನಮ್ಮ ಮನ್ಯಾಗ ಹಿರ್ಯಾರು ಖರೇನ ಇದ್ದಾರ.”

ಮಧ್ಯಾಹ್ನ ನೀಲಗಂಗಾ ಫೋನ್ ಮಾಡಲಿಲ್ಲ. ಫೋನಿನಲ್ಲಿ ಮುಖ ಮುಚ್ಚಿಕೊಳ್ಳುವುದು ಸುಲಭವೆಂದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಾವಲನ ಮನೆಗೇ ನಡೆದು ಹೋಗಿ, ತಲೆತಗ್ಗಿಸಿ, ಹನ್ನೊಂದು ಮಂದಿಗೆ ಮಾಡಿದ್ದನ್ನೆಲ್ಲ ಒಪ್ಪಿಕೊಂಡು, ತಪ್ಪಾಯಿತೆಂದು ಹೇಳಿ ಕರೆದುಕೊಂಡು ಬಂದಳು. ಅವನು ಕ್ಯಾಮೆರಾ, ಬಿಳಿ ಚಾದರ ಹೆಗಲಿಗೇರಿಸಿ ಹಿಂದೆಯೇ ಬಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಾಕಾ ಅಂಗಳಕ್ಕೆ ಎಳೆದಿಟ್ಟಿದ್ದ ಯಂತ್ರ ಅವರಿಗಾಗಿಯೇ ಕಾಯುತ್ತಿತ್ತು. “ಬಾ ತಮ್ಮಾ! ನಾಕು ಸ್ಯಾಂಪಲ್ ತೆಗಿ, ಚೊಲೋ ಬಂದ್ರ ವರ್ಷಪೂರ್ತಿ ಕೆಲಸ ನಿಂದ!”

ದಾವಲ ಯಂತ್ರವನ್ನೂ ನೀಲಗಂಗಾಳನ್ನೂ ನೋಡಿದ. “ಅಕ್ಕಾರ, ಈಗ ನೀವು ಹೇಳಿದ್ರೋ, ಅದು ಹೇಳ್ತೋ?”

“ಅದು ಹೇಳ್ತಪಾ. ಕಲಿಸಿದಾಕಿ ನಾನು.” ಆಕೆ ಸೆರಗಿನ ಗಂಟು ಬಿಚ್ಚಿ ಅವನ ಕೈಗಿಟ್ಟಳು. “ಇದು ಹಳೇ ಫೋಟೋದ್ದು. ಇದು ಹೊಸಾ ಕೆಲಸದ ಅಡ್ವಾನ್ಸ್. ತಗೋ.”

ಯಂತ್ರ ಗಪ್ಪಾಯಿತು. ಕಣ್ಣು ಒಮ್ಮೆ ದೊಡ್ಡದಾಯಿತು, ಒಮ್ಮೆ ಸಣ್ಣದಾಯಿತು. ಅದು ಕುಡಿದ ಅಷ್ಟೂ ಮಾತಿನಲ್ಲಿ ಈ ಮಾತು ಒಂದು ಕಡೆಯೂ ಇರಲಿಲ್ಲ. “ಅಡ್... ಅಡ್... ಅಡ್...” ಎಂದು ಹನ್ನೊಂದು ದನಿಯಲ್ಲಿ ತೊದಲಿ, ಕುಕ್ಕರಿನ ಮುಚ್ಚಳದಿಂದ ಮೂರು ಸೀಟಿ ಹೊಡೆದು, ಎರಡೂ ಕೈ ಇಳಿಬಿಟ್ಟು ನಿಂತುಹೋಯಿತು.

“ಸಿಕ್ತು ನೋಡ್ರೋ! ಬಂದ್ ಮಾಡೂ ಗುಂಡಿ ಸಿಕ್ತು!” ಎಂದು ಕಾಕಾ ಕುಣಿದಾಡಿ, ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು.

ದಾವಲ ಬಿಳಿ ಚಾದರ ಕೊಡವಿ ಹಾಸತೊಡಗಿದ.

“ಅಕ್ಕಾರ,” ಎಂದ ತಿರುಗಿ ನೋಡದೆ, “ಇವತ್ತ ಚಾ ಕುಡೀತೀನ್ರಿ. ಚಾ ಕುದಿಯೂತನಕ ನೀವು ಉಳಿದ ಹತ್ತು ಮಂದಿಗೆ ಫೋನ್ ಹಚ್ರಿ. ಯಂತ್ರದ ಬ್ಯಾಟರಿ ಇನ್ನೂ ಬೆಚ್ಚಗದ, ಮತ್ತ ಬಾಯಿ ತಗದೀತು.”