ಕತ್ತಿ ಹಿಡಿದ ವಂಶ

ಶಾಲೆಗೆ ಸೇರುವವರೆಗೂ ನಮ್ಮ ಮನೆತನದ ಹೆಸರಿನ ಅರ್ಥ ‘ಕತ್ತಿಗೆ ಚುಚ್ಚಿದ ಕಡುಬು’ ಎಂದೇ ನಾನು ನಂಬಿದ್ದೆ. ತಪ್ಪು ನನ್ನದಲ್ಲ. ನಾವು ಕೆನ್‌ಮೋಚಿಗಳು. ನಮ್ಮ ಜಪಾನಿ ಭಾಷೆಯಲ್ಲಿ ಕೆನ್ ಎಂದರೆ ಕತ್ತಿ. ಮೋಚಿ ಎಂದರೆ ಹೊಸವರ್ಷಕ್ಕೆ ಅಜ್ಜಿ ಮಾಡುವ ಅಕ್ಕಿಯ ಕಡುಬು. ಆಮೇಲೆ ಮೇಷ್ಟ್ರು ತಿದ್ದಿದರು: ಇಲ್ಲಿ ಮೋಚಿ ಎಂದರೆ ಕಡುಬಲ್ಲ, ಹಿಡಿದವರು. ಕತ್ತಿ ಹಿಡಿದವರು! ಅಂದು ಉಬ್ಬಿದ ಎದೆ ಇಂದಿಗೂ ಇಳಿದಿಲ್ಲ.

ಅಂಥ ವೀರವಂಶದ ಕುಡಿ ಸೆಕಿ ಊರಿನ ನೇಲ್ ಕಟರ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಕೂರುವುದು ರಕ್ತಕ್ಕೆ ಒಗ್ಗಲಿಲ್ಲ. ಕತ್ತಿವರಸೆಯ ಶಾಲೆಗೆ ಸೇರಿಯೇಬಿಟ್ಟೆ! ಚಳಿ ಶುರುವಾಗುವ ಹೊತ್ತಿಗೆ ಗುರು ಹಿಗುಚಿಯವರು, "ಭಾನುವಾರ ನಿಜವಾದ ಕತ್ತೀಲಿ ಚಾಪೆ ಕಡಿಯುವಿರಂತೆ. ಮನೆಯವರನ್ನೂ ಕರ್ಕೊಂಡು ಬನ್ನಿ," ಎಂದರು.

ಹೆಂಡತಿ ಚಿಗುಸಾ ನಕ್ಕಳು. "ರೀ, ನೀವು ಸೌತೆಕಾಯಿ ಹೆಚ್ಚಿದ್ರೆ ಬಿಲ್ಲೆಗಳೆಲ್ಲ ಅಂಟ್ಕೊಂಡು ಸರಪಳಿ ಆಗತ್ತೆ. ನೀವು ಚಾಪೆ ಕಡೀತೀರಾ?"

"ಕಡಿದ್ರೆ ನಡುಮನೆ ಗೂಡಿನಿಂದ ನಿನ್ನ ಹೂದಾನಿ ತೆಗೆದು ನನ್ನ ಫೋಟೊ ಇಡಬೇಕು!"

"ಕಡೀದಿದ್ರೆ ಇನ್ಮುಂದೆ ಬಚ್ಚಲು ತಿಕ್ಕೋದು ಪೂರ್ತಿ ನಿಮ್ಮದು."

ಒಪ್ಪಂದವಾಯಿತು.

ತಮ್ಮ ಚಾಪೆಯನ್ನು ತಾವೇ ನೆನೆಸಿ ತರುವುದು ನಮ್ಮ ಶಾಲೆಯ ಪದ್ಧತಿ. ತತಾಮಿ ನೆಲಹಾಸಿನಿಂದ ಕಳಚಿದ ಹಳೆಯ ಹುಲ್ಲುಚಾಪೆಯನ್ನು ಸುರುಳಿ ಸುತ್ತಿ, ಬಿಗಿದು ಕಟ್ಟಿ, ರಾತ್ರಿಯಿಡೀ ನೀರಿನಲ್ಲಿಡಬೇಕು. ನೆನೆದರೆ ಕತ್ತಿ ಸಲೀಸಾಗಿ ಇಳಿಯುತ್ತದೆ. ಒಣಗಿದರೆ ಅದು ಚಾಪೆಯಲ್ಲ, ಮರದ ಕೊರಡು. ನನ್ನ ಸೊಂಟದೆತ್ತರದ ಸುರುಳಿ ಮುಳುಗುವಂಥ ಜಾಗ ಮನೆಯಲ್ಲಿ ಒಂದೇ: ಸ್ನಾನದ ತೊಟ್ಟಿ. ಶನಿವಾರ ಅದರಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ವೀರನಿದ್ರೆಗೆ ಜಾರಿದೆ.

ಬೆಳಗ್ಗೆ ತೊಟ್ಟಿ ಖಾಲಿ! ನನ್ನ ಚಾಪೆ ಹಜಾರದಲ್ಲಿ, ಹೀಟರಿನ ಮುಂದೆ, ಹಪ್ಪಳದಂತೆ ಗರಿಗರಿಯಾಗಿ ನಿಂತಿತ್ತು. ಪಕ್ಕದಲ್ಲಿ ಅಜ್ಜಿ, ಕೆನ್ನೆ ಕೆಂಪಗಾಗಿಸಿಕೊಂಡು.

"ಎಂಥಾ ಮೂಲಿಕೆ ಸ್ನಾನ ಮಗಾ! ನೀರೆಲ್ಲ ಕಷಾಯದ ಬಣ್ಣ. ಕಾಯಿಸ್ಕೊಂಡು ಕೂತೆ ನೋಡು, ಮಂಡಿನೋವೇ ಮಾಯ! ಕಟ್ಟು ಕೊಳೀಬಾರ್ದು ಅಂತ ರಾತ್ರಿಯೆಲ್ಲ ಒಣಗಿಸಿಟ್ಟಿದೀನಿ. ಇನ್ನೊಂದ್ಸಲಕ್ಕೂ ಆಗತ್ತೆ."

"ಅಜ್ಜಿ, ಅದು ಮೂಲಿಕೆ ಅಲ್ಲ! ನನ್ನ ಶತ್ರು!"

"ಶತ್ರುನಾ? ಘಮ್ ಅಂತಿದ್ದ."

ಬೇರೆ ಚಾಪೆ ಇರಲಿಲ್ಲ. ವೀರರು ನೆಪ ಹೇಳುವುದಿಲ್ಲ. ಕೊರಡನ್ನೇ ಹೊತ್ತುಕೊಂಡು ಹೋದೆ.

ಶಾಲೆಯಲ್ಲಿ ಚಾಪೆಯನ್ನು ಗೂಟಕ್ಕೆ ಸಿಕ್ಕಿಸಿ ನಿಲ್ಲಿಸಿ, ಬಾಗಿ ವಂದಿಸಿದೆ. ಮುಂದಿನ ಸಾಲಿನಲ್ಲಿ ಚಿಗುಸಾ, ಅಜ್ಜಿ. ಕತ್ತಿ ಎತ್ತಿದೆ. ಇಡೀ ವಂಶ ನನ್ನ ತೋಳಿಗಿಳಿದಂತಾಯಿತು. ಅಬ್ಬರಿಸಿ ಬೀಸಿದೆ. ಸುಂಯ್! ಚಾಪೆ ಅಲುಗಲಿಲ್ಲ. ಆಹಾ, ಎಂಥ ನವಿರಾದ ಏಟು! ಕಡಿಸಿಕೊಂಡದ್ದು ಚಾಪೆಗೇ ಗೊತ್ತಾಗಿಲ್ಲ! ಗಂಭೀರವಾಗಿ ಕತ್ತಿಯನ್ನು ಒರೆಗೆ ಸೇರಿಸಿ, ಮೇಲಿನ ತುಂಡು ಜಾರಿ ಬೀಳಲೆಂದು ಕಾದೆ. ಕಾದೆ. ಎಲ್ಲರೂ ಕಾದರು.

ಗುರುಗಳು ಕೆಮ್ಮಿದರು. "ಕೆನ್‌ಮೋಚಿಯವರೇ, ಸ್ವಲ್ಪ ಮುಂದೆ ಬಂದು ನಿಂತ್ಕೊಳ್ಳಿ. ತಾಗೇ ಇಲ್ಲ."

ಮುಂದೆ ಬಂದು ಮತ್ತೆ ಬೀಸಿದೆ. ತಾಗಿತು! ಅರ್ಧಕ್ಕೆ ಹೋದ ಕತ್ತಿ ಅಲ್ಲೇ ಕಚ್ಚಿಕೊಂಡಿತು. ಎಳೆದೆ. ಕತ್ತಿಯ ಹಿಂದೆ ಚಾಪೆ, ಚಾಪೆಯ ಹಿಂದೆ ಗೂಟ, ಮೂರೂ ಮೆರವಣಿಗೆಯಾಗಿ ನನ್ನತ್ತ ಬಂದವು. ನಾನು ಕೂತುಬಿಟ್ಟೆ, ಆದರೆ ಕತ್ತಿ ಬಿಡಲಿಲ್ಲ!

"ಹಾಗೇ ಹಿಡ್ಕೊಂಡಿರಿ," ಎಂದಳು ಚಿಗುಸಾ. "ಬಚ್ಚಲು ಬ್ರಷ್ಷನ್ನೂ ಹಂಗೇ ಹಿಡಿಯೋದು."

"ಅರ್ಧ ಕಡಿದಿದೀನಲ್ಲ! ಅರ್ಧ ಫೋಟೊ ಆದ್ರೂ ಇಡು! ಮೊದಲನೇ ಸಲಕ್ಕೇ ಒಣ ಕೊರಡನ್ನ ಅರ್ಧ ಸೀಳೋದು ರಕ್ತದಲ್ಲಿ ಇರಬೇಕು ಕಣೇ!" ಎಂದು ಎದೆಯುಬ್ಬಿಸಿ ಅಜ್ಜಿಯ ಕಡೆ ತಿರುಗಿದೆ. "ಅಜ್ಜಿ, ನೀನೇ ಹೇಳು, ನಮ್ಮ ಹಿರೀಕರು ಯುದ್ಧದಲ್ಲಿ ಎಷ್ಟು ತಲೆ ಉರುಳಿಸಿದ್ರು?"

ಅಜ್ಜಿ ಬಗ್ಗಿ, ಗಾಯಗೊಂಡ ಚಾಪೆಯನ್ನು ಮೂಸುತ್ತಲೇ ಹೇಳಿದಳು: "ತಲೆನೂ ಇಲ್ಲ, ಬಾಲನೂ ಇಲ್ಲ. ದೊರೆ ಪಾಯಿಖಾನೆಗೆ ಹೋದಾಗ ಅವನ ಕತ್ತಿ ಇಟ್ಕೊಂಡು ಬಾಗಿಲ ಹೊರಗೆ ಕಾಯೋದು ನಮ್ಮೋರ ಕೆಲಸ. ನಾವು ಕತ್ತಿ ಹಿಡಿದವರಲ್ಲ ಕಣೋ, ಹಿಡ್ಕೊಂಡು ನಿಂತವರು!"